ಸ್ಕೀ ಬೋಧಕರ ಸಂಪಾದನೆ: ಗಂಟೆಯ ದರವನ್ನು ನೋಡಿ ದೇಶವನ್ನು ಆರಿಸಬಹುದೇ?

ಇಳಿಜಾರು:

ಕಳೆದ ಚಳಿಗಾಲವನ್ನು ಕೆನಡಾದ ಪಶ್ಚಿಮ ಭಾಗದ ಒಂದು ಮಧ್ಯಮ ಗಾತ್ರದ ಸ್ಕೀ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತ ಕಳೆದೆ. ಕೆನಡಾದ ಬೋಧಕರ ಸಂಘವು ನೀಡುವ ನಾಲ್ಕು ಹಂತದ ಪ್ರಮಾಣಪತ್ರಗಳಲ್ಲಿ ಎರಡನೆಯದು ಋತುವಿನ ಕೊನೆಗೆ ಕೈಸೇರಿತು. ಈಗ ಮುಂದಿನ ಚಳಿಗಾಲಕ್ಕೆ ಎಲ್ಲಿಗೆ ಹೋಗಬೇಕೆಂದು ಯೋಚಿಸುತ್ತಿದ್ದೇನೆ. ಅಮೆರಿಕದ ಕೊಲರಾಡೊ, ಆಸ್ಟ್ರಿಯಾದ ಟಿರೋಲ್, ಜಪಾನಿನ ಹೊಕ್ಕೈಡೊ ಈ ಮೂರು ಹೆಸರುಗಳು ಪಟ್ಟಿಯಲ್ಲಿವೆ. ಏನೂ ಕೂಡಿಬರದಿದ್ದರೆ ಇದ್ದಲ್ಲಿಯೇ ಇರುವ ದಾರಿಯೂ ಇದೆ.

ನನ್ನ ತೊಡಕು ಇಷ್ಟೇ. ಉದ್ಯೋಗ ಪ್ರಕಟಣೆಗಳಲ್ಲಿ ಕಾಣುವುದೆಲ್ಲ ಗಂಟೆಯ ದರ. ಒಂದು ಕಡೆ ಡಾಲರ್, ಇನ್ನೊಂದು ಕಡೆ ಯೂರೋ, ಮತ್ತೊಂದು ಕಡೆ ಯೆನ್. ಅವನ್ನು ಒಂದೇ ನಾಣ್ಯಕ್ಕೆ ಪರಿವರ್ತಿಸಿ ಪಕ್ಕಪಕ್ಕದಲ್ಲಿ ಬರೆದಿಟ್ಟೆ. ಆ ಪಟ್ಟಿಯ ಪ್ರಕಾರ ನಾನು ಕಳೆದ ವರ್ಷ ಸಾಕಷ್ಟು ಹಣ ಉಳಿಸಿರಬೇಕಿತ್ತು; ಆದರೆ ಏಪ್ರಿಲ್‌ನಲ್ಲಿ ಖಾತೆಯಲ್ಲಿ ಉಳಿದದ್ದು ಹಿಂದಿರುಗುವ ವಿಮಾನದ ದರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಶ್ರೀಮಂತನಾಗುವ ಆಸೆಯಿಂದ ಯಾರೂ ಈ ಕೆಲಸಕ್ಕೆ ಬರುವುದಿಲ್ಲ ಎಂಬುದು ನನಗೂ ಗೊತ್ತು. ಆದರೂ, ಎಲ್ಲಿ ಎಷ್ಟು ಸಿಗುತ್ತದೆ, ಆ ಅಂತರಕ್ಕೆ ಕಾರಣಗಳೇನು ಎಂಬುದನ್ನು ಅನುಭವಿಗಳು ಬಿಡಿಸಿ ಹೇಳಿದರೆ ಉಪಕಾರವಾದೀತು.

ಲೆಕ್ಕದ ಪುಸ್ತಕ:

ನಿಮ್ಮ ಪಟ್ಟಿ ತಪ್ಪಲ್ಲ, ಅಪೂರ್ಣ. ಬೋಧಕರ ಸಂಪಾದನೆಯನ್ನು ನಿರ್ಧರಿಸುವ ಸಂಖ್ಯೆಗಳು ಮೂರು: ಗಂಟೆಯ ದರ, ವಾರಕ್ಕೆ ಹಣ ಸಿಗುವ ಗಂಟೆಗಳು, ಮತ್ತು ಮಲಗಲು ಒಂದು ಹಾಸಿಗೆಗೆ ನೀವು ಕೊಡುವ ಬಾಡಿಗೆ. ಪ್ರಕಟಣೆಗಳು ಮೊದಲನೆಯದನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಉಳಿದೆರಡರ ಬಗ್ಗೆ ಮೌನವಾಗಿರುತ್ತವೆ.

ಯಾವ ದೇಶದ್ದೂ ಅಲ್ಲದ ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಒಂದು ಶಾಲೆ ಗಂಟೆಗೆ 28 ಕೊಡುತ್ತದೆ, ಆದರೆ ಹೊಸಬರಿಗೆ ವಾರಕ್ಕೆ 14 ಗಂಟೆಯ ಪಾಠ ಮಾತ್ರ ಸಿಗುತ್ತದೆ. ಒಟ್ಟು 392, ಕೋಣೆಯ ಬಾಡಿಗೆ 220 ಕಳೆದರೆ ಉಳಿಯುವುದು 172. ಇನ್ನೊಂದು ಶಾಲೆ ಗಂಟೆಗೆ 20 ಮಾತ್ರ ಕೊಡುತ್ತದೆ, ಆದರೆ 30 ಗಂಟೆಯ ಕೆಲಸವನ್ನು ಖಾತರಿಯಾಗಿ ನೀಡಿ, ತನ್ನದೇ ವಸತಿಯಲ್ಲಿ 150ಕ್ಕೆ ಜಾಗ ಕೊಡುತ್ತದೆ. ಅಲ್ಲಿ ಉಳಿಯುವುದು 450. ದರ ಕಡಿಮೆಯಿರುವ ಶಾಲೆಯಲ್ಲಿ ಉಳಿತಾಯ ಎರಡೂವರೆ ಪಟ್ಟು ಹೆಚ್ಚು.

ಹಣ ಸಿಗುವ ಗಂಟೆಗಳು ಎಂಬ ಮಾತನ್ನು ಸ್ವಲ್ಪ ಬಿಡಿಸಬೇಕು. ಬೆಳಗ್ಗೆ ಎಂಟೂವರೆಗೆ ಸಮವಸ್ತ್ರ ತೊಟ್ಟು ಹಾಜರಿ ಸಾಲಿನಲ್ಲಿ ನಿಲ್ಲುತ್ತೀರಿ. ಆ ದಿನ ಬಂದ ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಂತೆ ಮೇಲ್ವಿಚಾರಕರು ಪಾಠಗಳನ್ನು ಹಂಚುತ್ತಾರೆ. ಮೊದಲು ಹೆಸರು ಹೇಳಿ ಕೇಳಿಕೊಂಡು ಬಂದ ಗಿರಾಕಿಗಳ ಬೋಧಕರು, ನಂತರ ಮೇಲಿನ ಪ್ರಮಾಣಪತ್ರದವರು, ನಂತರ ಹಳಬರು, ಕೊನೆಯಲ್ಲಿ ನೀವು. ಪಾಠ ಸಿಗದಿದ್ದರೆ ಅನೇಕ ಕಡೆ ಬರಿಗೈಯಲ್ಲಿ ಹಿಂತಿರುಗಬೇಕು. ಇದನ್ನು ಕಾನೂನು ಹೇಗೆ ನೋಡುತ್ತದೆ ಎಂಬುದು ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಸಾಮಾನ್ಯ ಕಾರ್ಮಿಕ ನಿಯಮದ ಪ್ರಕಾರ, ಕರೆದಾಗ ಬಂದವರಿಗೆ ಕೆಲಸವಿಲ್ಲದಿದ್ದರೂ ಕನಿಷ್ಠ ಎರಡು ಗಂಟೆಯ ವೇತನ ಸಲ್ಲಬೇಕು. ಕ್ಯಾಲಿಫೋರ್ನಿಯಾದಲ್ಲಿ ನಿಗದಿಯಾಗಿದ್ದ ಪಾಳಿಯ ಅರ್ಧದಷ್ಟು, ಅಂದರೆ ಎರಡು ಗಂಟೆಗೆ ಕಡಿಮೆಯಿಲ್ಲದೆ ನಾಲ್ಕು ಗಂಟೆಗೆ ಮೀರದಂತೆ, ಕೊಡಬೇಕಾಗುತ್ತದೆ. ಜನವರಿಯ ಎರಡನೆಯ ವಾರದಲ್ಲಿ, ರಜೆಯ ಜನಜಂಗುಳಿ ಮನೆಗೆ ತೆರಳಿ ಬೆಟ್ಟ ಭಣಗುಡುವಾಗ, ಇಂಥ ಒಂದು ನಿಯಮ ಊಟದ ಖರ್ಚನ್ನು ನೀಗಿಸುತ್ತದೆ.

ನೀವು ಕಳೆದ ವರ್ಷ ಪ್ರತಿ ವಾರ ಎಷ್ಟು ಗಂಟೆಗೆ ಹಣ ಪಡೆದಿರಿ ಎಂಬುದನ್ನು ವೇತನ ಚೀಟಿಗಳಿಂದ ತೆಗೆದು ಬರೆಯಿರಿ. ಉಳಿತಾಯ ಎಲ್ಲಿ ಹೋಯಿತೆಂಬುದು ಅಲ್ಲಿಯೇ ಕಾಣುತ್ತದೆ.

ಬೂಟುಬಕಲ್:

ನಾನು ಕೊಲರಾಡೊದಲ್ಲಿ ಆರು ಚಳಿಗಾಲ, ಯೂಟಾದಲ್ಲಿ ಎರಡು ಚಳಿಗಾಲ ಕಲಿಸಿದ್ದೇನೆ. ಆದ್ದರಿಂದ ಅಮೆರಿಕದ ಭಾಗವನ್ನು ನಾನು ಬರೆಯುತ್ತೇನೆ.

ಅಮೆರಿಕದ ಒಕ್ಕೂಟ ಮಟ್ಟದ ಕನಿಷ್ಠ ವೇತನ 2009ರಿಂದ 7.25 ಡಾಲರ್‌ನಲ್ಲಿಯೇ ನಿಂತಿದೆ. ವರ್ಷಕ್ಕೆ ಏಳು ತಿಂಗಳಿಗಿಂತ ಹೆಚ್ಚು ನಡೆಯದ ಮನರಂಜನಾ ಸಂಸ್ಥೆಗಳಿಗೆ ಅದರಿಂದಲೂ ವಿನಾಯಿತಿ ನೀಡುವ ಒಂದು ಕಲಮು ಅದೇ ಕಾನೂನಿನಲ್ಲಿದೆ. ಹೀಗಾಗಿ ಬೋಧಕರಿಗೆ ನಿಜವಾದ ರಕ್ಷಣೆ ರಾಜ್ಯದ ಕಾನೂನಿನಿಂದ ಬರುತ್ತದೆ. 2025ರಲ್ಲಿ ಕೊಲರಾಡೊದ ಕನಿಷ್ಠ ವೇತನ 14.81 ಡಾಲರ್, ಕ್ಯಾಲಿಫೋರ್ನಿಯಾದ್ದು 16.50, ವಾಷಿಂಗ್ಟನ್ ರಾಜ್ಯದ್ದು 16.66, ವರ್ಮಾಂಟ್‌ನದು 14.01. ಯೂಟಾ ಮತ್ತು ನ್ಯೂ ಹ್ಯಾಂಪ್‌ಶೈರ್‌ಗಳಲ್ಲಿ ಇಂದಿಗೂ ಅದೇ 7.25. ವಾಸ್ತವದಲ್ಲಿ ಯೂಟಾದ ದೊಡ್ಡ ರೆಸಾರ್ಟ್‌ಗಳಲ್ಲಿ ಯಾರೂ ಅಷ್ಟು ಕಡಿಮೆಗೆ ಕೆಲಸ ಮಾಡುವುದಿಲ್ಲ, ಏಕೆಂದರೆ ಆ ದರಕ್ಕೆ ಜನರೇ ಸಿಗುವುದಿಲ್ಲ. 2022ರ ಮಾರ್ಚ್‌ನಲ್ಲಿ ವೇಲ್ ರೆಸಾರ್ಟ್ಸ್ ಕಂಪನಿಯು ಉತ್ತರ ಅಮೆರಿಕದ ತನ್ನ ಎಲ್ಲ ರೆಸಾರ್ಟ್‌ಗಳಲ್ಲಿ ಆರಂಭಿಕ ವೇತನವನ್ನು ಗಂಟೆಗೆ 20 ಡಾಲರ್‌ಗೆ ಏರಿಸುವುದಾಗಿ ಘೋಷಿಸಿದ್ದು ಔದಾರ್ಯದಿಂದಲ್ಲ. ಅದರ ಹಿಂದಿನ ಚಳಿಗಾಲದಲ್ಲಿ ಸಿಬ್ಬಂದಿ ಸಾಲದೆ ಲಿಫ್ಟುಗಳು ನಿಂತು, ಗಿರಾಕಿಗಳ ಸಿಟ್ಟು ಮಿತಿಮೀರಿತ್ತು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ದೊಡ್ಡ ರೆಸಾರ್ಟ್‌ಗಳಲ್ಲಿ ಜನಸಂದಣಿಯ ದಿನ ಇಡೀ ದಿನದ ಖಾಸಗಿ ಪಾಠಕ್ಕೆ ಸಾವಿರ ಡಾಲರ್‌ಗಿಂತ ಹೆಚ್ಚು ಶುಲ್ಕವಿರುತ್ತದೆ. ಅದರಲ್ಲಿ ಬೋಧಕರ ಪಾಲೆಷ್ಟು? ಗಂಟೆಗೆ 30 ಡಾಲರ್ ಪಡೆಯುವ ಅನುಭವಿ ಬೋಧಕರು ಆರು ಗಂಟೆಯ ಪಾಠಕ್ಕೆ 180 ಡಾಲರ್ ಪಡೆದರೆ, 1,100 ಡಾಲರ್ ಶುಲ್ಕದಲ್ಲಿ ಅದು ಶೇಕಡಾ 16ರಷ್ಟಾಯಿತು. ಶಾಲೆಗೂ ಖರ್ಚುಗಳಿವೆ ಎಂಬುದನ್ನು ಒಪ್ಪುತ್ತೇನೆ: ವಿಮೆ, ಕಟ್ಟಡ, ಬುಕಿಂಗ್ ವ್ಯವಸ್ಥೆ, ಖಾಲಿ ದಿನಗಳ ನಷ್ಟ. ಆದರೆ ಬಹುತೇಕ ರೆಸಾರ್ಟ್‌ಗಳಲ್ಲಿ ಬೆಟ್ಟವನ್ನು ನಡೆಸುವ ಕಂಪನಿಯೇ ಶಾಲೆಯನ್ನೂ ನಡೆಸುತ್ತದೆ, ಬೇರೆಯವರು ಆ ಇಳಿಜಾರಿನಲ್ಲಿ ಹಣ ಪಡೆದು ಕಲಿಸುವಂತಿಲ್ಲ. ಪೈಪೋಟಿಯಿಲ್ಲದ ಕಡೆ ಪಾಲು ಏರುವ ಕಾರಣವೂ ಇರುವುದಿಲ್ಲ. ಅಮೆರಿಕ ಮತ್ತು ಯುರೋಪಿನ ಸಂಪಾದನೆಯ ನಡುವಿನ ಅಂತರಕ್ಕೆ ಮೂಲ ಇಲ್ಲಿದೆ ಎಂದು ನನ್ನ ಅಭಿಪ್ರಾಯ.

ಆ ಅಂತರವನ್ನು ತುಂಬುವುದು ಟಿಪ್ಸ್. ಅಮೆರಿಕದ ಗಿರಾಕಿಗಳಲ್ಲಿ ಖಾಸಗಿ ಪಾಠಕ್ಕೆ ಟಿಪ್ಸ್ ಕೊಡುವ ರೂಢಿ ಗಟ್ಟಿಯಾಗಿದೆ. ಕ್ರಿಸ್‌ಮಸ್ ವಾರದಲ್ಲಿ ಒಂದೇ ಕುಟುಂಬದೊಂದಿಗೆ ಐದು ದಿನ ಕಳೆದಾಗ ವೇತನಕ್ಕಿಂತ ಟಿಪ್ಸ್ ದೊಡ್ಡದಾದ ಉದಾಹರಣೆ ನನ್ನ ಬಳಿಯೇ ಇದೆ. ಆದರೆ ಅಂಥ ಕುಟುಂಬ ಮೊದಲ ವರ್ಷದವರಿಗೆ ಸಿಗುವುದು ಅಪರೂಪ. ಪ್ರತಿ ವರ್ಷ ಹೆಸರು ಹಿಡಿದು ಕೇಳಿಕೊಂಡು ಬರುವ ಹತ್ತು ಹನ್ನೆರಡು ಕುಟುಂಬಗಳನ್ನು ಕಟ್ಟಿಕೊಳ್ಳಲು ನನಗೆ ನಾಲ್ಕು ಚಳಿಗಾಲ ಬೇಕಾದವು. ಊರು ಬದಲಿಸಿದಾಗ ಅವರೆಲ್ಲರನ್ನೂ ಕಳೆದುಕೊಂಡೆ. ಯೂಟಾದಲ್ಲಿ ಮತ್ತೆ ಮಕ್ಕಳ ಗುಂಪಿನಿಂದ ಆರಂಭಿಸಬೇಕಾಯಿತು. ಪ್ರತಿ ವರ್ಷ ಹೊಸ ದೇಶ ನೋಡುವ ಆಸೆಯಿರುವವರು ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬಾಡಿಗೆಯ ವಿಚಾರದಲ್ಲಿ ಒಂದೇ ಮಾತು. ಯೂಟಾದ ಪಾರ್ಕ್ ಸಿಟಿಯ ಸ್ಕೀ ಗಸ್ತು ಸಿಬ್ಬಂದಿ 2024ರ ಡಿಸೆಂಬರ್ 27ರಿಂದ 2025ರ ಜನವರಿ 8ರವರೆಗೆ ಮುಷ್ಕರ ಹೂಡಿದಾಗ ಅವರ ಮುಖ್ಯ ಬೇಡಿಕೆ ಮೂಲ ವೇತನವನ್ನು 21ರಿಂದ 23 ಡಾಲರ್‌ಗೆ ಏರಿಸಬೇಕೆಂಬುದಾಗಿತ್ತು. ಎರಡು ಡಾಲರ್‌ಗಾಗಿ ವರ್ಷದ ಅತಿ ಲಾಭದ ವಾರದಲ್ಲಿ ಕೆಲಸ ನಿಲ್ಲಿಸುವ ಮಟ್ಟಕ್ಕೆ ಜನ ಬಂದರೆಂದರೆ, ಆ ಊರುಗಳಲ್ಲಿ ಬದುಕಿನ ವೆಚ್ಚ ಎಷ್ಟಿರಬಹುದೆಂದು ಊಹಿಸಿಕೊಳ್ಳಿ. ಅವರು ಬೋಧಕರಲ್ಲ ನಿಜ, ಆದರೆ ಅದೇ ಬಾಡಿಗೆ ಮನೆಗಳಿಗಾಗಿ ನಮ್ಮೊಂದಿಗೆ ಸಾಲಿನಲ್ಲಿ ನಿಲ್ಲುವವರು.

ಇಳಿಜಾರು:

ವೇತನ ಚೀಟಿಗಳನ್ನು ತೆಗೆದು ನೋಡಿದೆ. ಡಿಸೆಂಬರ್ ಕೊನೆಯ ವಾರದಲ್ಲಿ 41 ಗಂಟೆ. ಜನವರಿಯ ಮೂರು ವಾರಗಳಲ್ಲಿ ಕ್ರಮವಾಗಿ 13, 11, 16. ಇದನ್ನು ನೋಡದೆಯೇ ನಾನು ವಾರಕ್ಕೆ 30 ಗಂಟೆಯೆಂದು ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡಿದ್ದೆ. ಫ್ರಾನ್ಸ್‌ನಲ್ಲಿ ಬೋಧಕರು ಸುಖವಾಗಿದ್ದಾರೆಂದು ಎಲ್ಲರೂ ಹೇಳುತ್ತಾರೆ. ಅಲ್ಲಿಯ ವ್ಯವಸ್ಥೆ ಬೇರೆಯೇ?

ಕೆಂಪು ಜಾಕೆಟ್:

ಬೇರೆಯೇ. ಅಲ್ಲಿ ಬೋಧಕರು ಸಾಮಾನ್ಯವಾಗಿ ನೌಕರರಲ್ಲ, ಸ್ವತಂತ್ರ ವೃತ್ತಿಪರರು. ಕೆಂಪು ಜಾಕೆಟ್ಟಿನಿಂದ ಗುರುತಿಸಲ್ಪಡುವ ಇ.ಎಸ್.ಎಫ್. (ಫ್ರೆಂಚ್ ಸ್ಕೀ ಶಾಲೆ) ಎಂಬ ಹೆಸರಿನ ಶಾಲೆಗಳು ಒಂದು ಕಂಪನಿಯ ಶಾಖೆಗಳಲ್ಲ. ಆಯಾ ಕಣಿವೆಯ ಬೋಧಕರು ಕೂಡಿ ನಡೆಸುವ ಸಂಘಗಳು. ಅವರ ರಾಷ್ಟ್ರೀಯ ಒಕ್ಕೂಟ 1945ರಲ್ಲಿ ಸ್ಥಾಪನೆಯಾಯಿತು, ಇಂದು ಅದರಲ್ಲಿ ಸುಮಾರು 17,000 ಬೋಧಕರಿದ್ದಾರೆ. ಗಿರಾಕಿ ಕೊಟ್ಟ ಶುಲ್ಕದಲ್ಲಿ ಶಾಲೆಯ ನಿರ್ವಹಣೆಗೆ ಒಂದು ಭಾಗವನ್ನು ಹಿಡಿದುಕೊಂಡು ಉಳಿದದ್ದನ್ನು ಬೋಧಕರಿಗೆ ಸಲ್ಲಿಸಲಾಗುತ್ತದೆ. ಮೇಲೆ ಹೇಳಿದ ಅಮೆರಿಕದ ಲೆಕ್ಕವನ್ನು ತಲೆಕೆಳಗು ಮಾಡಿದಂತೆ: ದೊಡ್ಡ ಪಾಲು ಕಲಿಸಿದವರದು, ಸಣ್ಣ ಪಾಲು ಸಂಸ್ಥೆಯದು.

ಆದರೆ ಆ ದೊಡ್ಡ ಪಾಲು ಪೂರ್ತಿಯಾಗಿ ಜೇಬಿಗೆ ಬರುವುದಿಲ್ಲ. ಆರೋಗ್ಯ, ಪಿಂಚಣಿ ಮುಂತಾದ ಸಾಮಾಜಿಕ ಭದ್ರತೆಯ ವಂತಿಗೆಗಳನ್ನು ಸ್ವತಂತ್ರ ವೃತ್ತಿಪರರು ತಾವೇ ತುಂಬಬೇಕು. ತೆರಿಗೆಯೂ ಅವರದೇ, ಸ್ಕೀ, ಬೂಟು, ವಿಮೆ ಎಲ್ಲವೂ ಅವರದೇ. ಹೊಸಬರು ಮೊದಲ ವರ್ಷದ ವರಮಾನವನ್ನು ನೋಡಿ ಹಿಗ್ಗಿ, ಮುಂದಿನ ವರ್ಷ ವಂತಿಗೆಯ ನೋಟಿಸು ಬಂದಾಗ ಕಂಗಾಲಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮೂರನೆಯ ಒಂದು ಭಾಗವನ್ನು ಮುಟ್ಟದೆ ಬೇರೆ ಖಾತೆಯಲ್ಲಿಡಿ ಎಂದು ಹಿರಿಯರೊಬ್ಬರು ನನಗೆ ಹೇಳಿಕೊಟ್ಟಿದ್ದರು. ಅದನ್ನು ಪಾಲಿಸಿದ್ದರಿಂದಲೇ ನಾನು ಎರಡನೆಯ ಚಳಿಗಾಲವನ್ನು ಕಂಡೆ.

ಗಂಟೆಗಳ ಹಂಚಿಕೆಯಲ್ಲಿ ಫ್ರಾನ್ಸ್‌ಗೆ ಒಂದು ಅನುಕೂಲವಿದೆ, ಅದನ್ನು ಹೊರಗಿನವರು ಗಮನಿಸುವುದು ಕಡಿಮೆ. ಅಲ್ಲಿ ಶಾಲೆಗಳ ಚಳಿಗಾಲದ ರಜೆಯನ್ನು ಮೂರು ವಲಯಗಳಿಗೆ ಬೇರೆ ಬೇರೆ ವಾರಗಳಲ್ಲಿ ನೀಡಲಾಗುತ್ತದೆ. ಪ್ರತಿ ವಲಯಕ್ಕೆ ಎರಡು ವಾರ. ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಹೊದಿಸಿದಂತೆ ಒಟ್ಟು ನಾಲ್ಕು ವಾರ. ರಜೆ ಒಂದೇ ವಾರದಲ್ಲಿ ಮುಗಿದುಹೋಗುವ ಪ್ರದೇಶದ ಬೋಧಕರಿಗೆ ಆ ವಾರದಲ್ಲಿ ಸಿಗುವಷ್ಟು ಕೆಲಸ ಇಲ್ಲಿ ಫೆಬ್ರವರಿಯಿಂದ ಮಾರ್ಚ್ ಆರಂಭದವರೆಗೆ ಸಿಗುತ್ತಲೇ ಇರುತ್ತದೆ. ಅನೇಕರಿಗೆ ಇಡೀ ಋತುವಿನ ವರಮಾನದ ಬೆನ್ನೆಲುಬು ಆ ನಾಲ್ಕು ವಾರಗಳು. ಆಗ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ವಾರದ ಏಳೂ ದಿನ, ಗಂಟಲು ಕಟ್ಟಿದರೂ ಜ್ವರ ಬಂದರೂ ಕಲಿಸುತ್ತಾರೆ.

ಬಾಗಿಲು ಮಾತ್ರ ಬಹಳ ಕಿರಿದು. ಪೂರ್ಣ ಪ್ರಮಾಣದ ಬೋಧಕರಾಗಲು ಸರ್ಕಾರದ ಡಿಪ್ಲೊಮಾ ಬೇಕು. ಅದರ ತರಬೇತಿಯ ಕೇಂದ್ರ ಶಾಮೊನಿಯಲ್ಲಿರುವ ರಾಷ್ಟ್ರೀಯ ಸ್ಕೀ ಮತ್ತು ಪರ್ವತಾರೋಹಣ ಶಾಲೆ. ದಾರಿಯಲ್ಲಿ ಎಲ್ಲರನ್ನೂ ಸೋಸುವುದು ಜೈಂಟ್ ಸ್ಲಾಲಮ್‌ನ, ಅಂದರೆ ನೆಟ್ಟ ಕಂಬಗಳ ನಡುವೆ ತಿರುಗುತ್ತ ಇಳಿಯುವ ಓಟದ, ವೇಗಪರೀಕ್ಷೆ: ಓಟವನ್ನು ತೆರೆಯುವ ರೇಸರುಗಳ ಸಮಯವನ್ನು ಅಳತೆಗೋಲಾಗಿಟ್ಟುಕೊಂಡು, ಅದಕ್ಕಿಂತ ನಿಗದಿತ ಮಿತಿಯೊಳಗೆ ಕೆಳಗೆ ತಲುಪಬೇಕು. ಬಾಲ್ಯದಿಂದ ರೇಸಿಂಗ್ ಕ್ಲಬ್ಬಿನಲ್ಲಿ ಬೆಳೆದವರಿಗೆ ಅದು ಒಂದು ಬೆಳಗಿನ ಕೆಲಸ; ಇಪ್ಪತ್ತೈದನೆಯ ವಯಸ್ಸಿನಲ್ಲಿ ಸ್ಕೀ ಕಲಿತವರಿಗೆ ಹಲವು ವರ್ಷಗಳ, ಹಲವು ಸಾವಿರ ಯೂರೋಗಳ ಬಾಬತ್ತು. ಜತೆಗೆ ಹಿಮಕುಸಿತ ಮತ್ತು ಪರ್ವತ ಸುರಕ್ಷತೆಯ ಪರೀಕ್ಷೆಯೂ ಇದೆ. ಐರೋಪ್ಯ ಒಕ್ಕೂಟವು 2019ರ ನಿಯಮಾವಳಿಯ ಮೂಲಕ ಇವೆರಡನ್ನು ಸೇರಿಸಿ ಬೋಧಕರಿಗೆ ಸಮಾನ ಪರೀಕ್ಷೆಯೊಂದನ್ನು ರೂಪಿಸಿದೆ. ಅದನ್ನು ದಾಟಿದವರ ಅರ್ಹತೆಗೆ ಸದಸ್ಯ ರಾಷ್ಟ್ರಗಳ ನಡುವೆ ಮಾನ್ಯತೆ ಸುಲಭವಾಗುತ್ತದೆ. ನಿಮ್ಮ ಎರಡನೆಯ ಹಂತದ ಪ್ರಮಾಣಪತ್ರದಿಂದ ಫ್ರಾನ್ಸ್‌ನ ಬಾಗಿಲು ತೆರೆಯುವುದಿಲ್ಲ.

ಮೂರನೇ ಲಿಫ್ಟು:

ಇದನ್ನು ಗುಣಮಟ್ಟದ ರಕ್ಷಣೆಯೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ನಾಲ್ಕು ವರ್ಷದ ಮಗುವಿಗೆ ಸ್ಕೀಗಳ ತುದಿ ಕೂಡಿಸಿ ನೇಗಿಲಿನಾಕಾರದಲ್ಲಿ ನಿಲ್ಲುವುದನ್ನು ಕಲಿಸಲು ರೇಸರಿನ ವೇಗ ಏಕೆ ಬೇಕು? ಕಣಿವೆಯ ಮಕ್ಕಳು ಬಾಲ್ಯದಿಂದಲೇ ಗಳಿಸಿರುವ ಒಂದು ಕೌಶಲವನ್ನು ಪರೀಕ್ಷೆಯಾಗಿ ಇಟ್ಟು, ಹೊರಗಿನವರನ್ನು ಹೊರಗೇ ಇಟ್ಟು, ಸಂಪಾದನೆಯನ್ನು ಎತ್ತರದಲ್ಲಿ ಉಳಿಸಿಕೊಳ್ಳುವ ಉಪಾಯ ಇದು. ಬ್ರೆಕ್ಸಿಟ್‌ನಿಂದಾಗಿ 2021ರ ಜನವರಿಯಿಂದ ಬ್ರಿಟನ್ನಿನ ಬೋಧಕರು ಮುಕ್ತ ಸಂಚಾರದ ಹಕ್ಕನ್ನೂ ಕಳೆದುಕೊಂಡ ಮೇಲೆ ಪೈಪೋಟಿ ಇನ್ನಷ್ಟು ತಗ್ಗಿತು.

ಕೆಂಪು ಜಾಕೆಟ್:

ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆಯೆಂದು ಒಪ್ಪುತ್ತೇನೆ. ಮಗುವಿಗೆ ಕಲಿಸಲು ಆ ವೇಗ ಬೇಡ. ಆದರೆ ಆ ಡಿಪ್ಲೊಮಾ ಮಗುವಿನ ಪಾಠಕ್ಕೆ ಮಾತ್ರವಲ್ಲದೆ ಗುರುತು ಹಾಕಿದ ದಾರಿಗಳ ಹೊರಗೆ ಗುಂಪನ್ನು ಕರೆದೊಯ್ಯುವ ಅಧಿಕಾರವನ್ನೂ ಕೊಡುತ್ತದೆ. ಇನ್ನೊಂದು ಮಾತು: ಬಾಗಿಲು ಅಗಲವಾಗಿರುವ ದೇಶಗಳಲ್ಲಿ ಮೂರು ದಿನದ ಕೋರ್ಸು ಮುಗಿಸಿ ಬಂದ ಹತ್ತೊಂಬತ್ತರ ಹರೆಯದವರು ಪ್ರತಿ ವರ್ಷ ಸಾಲುಗಟ್ಟಿ ನಿಲ್ಲುತ್ತಾರೆ, ಮತ್ತು ವೇತನ ಏಕೆ ಕನಿಷ್ಠದ ಆಸುಪಾಸಿನಲ್ಲಿದೆ ಎಂದು ಹತ್ತು ವರ್ಷದ ಅನುಭವಿಗಳು ಆಶ್ಚರ್ಯಪಡುತ್ತಾರೆ. ಇಟಲಿಯೂ ಫ್ರಾನ್ಸ್‌ನ ದಾರಿಯನ್ನೇ ಹಿಡಿದಿದೆ. ಅಲ್ಲಿ ಸ್ಕೀ ಬೋಧನೆ 1991ರ ಕಾನೂನಿನ ಅಡಿಯಲ್ಲಿ ವಕೀಲಿಕೆಯಂತೆಯೇ ನೋಂದಣಿ ಬೇಕಾದ ವೃತ್ತಿ, ಬೋಧಕರು ಪ್ರಾದೇಶಿಕ ಮಂಡಳಿಯ ಸದಸ್ಯರು. ಈ ಎರಡು ದೇಶಗಳಲ್ಲಿ ಮಾತ್ರ ಐವತ್ತರ ವಯಸ್ಸಿನಲ್ಲಿ, ಸ್ವಂತ ಮನೆಯಲ್ಲಿ, ಮಕ್ಕಳನ್ನು ಓದಿಸುತ್ತ ಇದೇ ಕೆಲಸ ಮಾಡುವವರನ್ನು ಹೇರಳವಾಗಿ ಕಂಡಿದ್ದೇನೆ.

ಅರ್ಲ್‌ಬರ್ಗ್ ನಂಟು:

ಆಸ್ಟ್ರಿಯಾವನ್ನು ಬಿಟ್ಟಿರಿ! ಅಲ್ಲಿಯೂ ಅಂಥವರು ಬೇಕಾದಷ್ಟಿದ್ದಾರೆ, ಆದರೆ ಅವರು ಸಾಮಾನ್ಯವಾಗಿ ಶಾಲೆಯ ಒಡೆಯರು ಅಥವಾ ಬೇಸಿಗೆಯಲ್ಲಿ ಹೋಟೆಲು, ಹೊಲ ನೋಡಿಕೊಳ್ಳುವವರು.

ಆಸ್ಟ್ರಿಯಾದಲ್ಲಿ ಸ್ಕೀ ಶಾಲೆಗಳ ಕಾನೂನು ಪ್ರಾಂತ್ಯದ ಅಧಿಕಾರಕ್ಕೆ ಸೇರಿದ್ದು. ಟಿರೋಲ್‌ಗೆ ಒಂದು, ಸಾಲ್ಸ್‌ಬರ್ಗ್‌ಗೆ ಒಂದು. ಕೆಳಗಿನ ಮೆಟ್ಟಿಲು ಆನ್‌ವೆರ್ಟರ್ ಎಂಬ ಅಭ್ಯರ್ಥಿ ಹಂತ, ಅದಕ್ಕೆ ಹತ್ತು ದಿನಗಳ ಆಸುಪಾಸಿನ ಕೋರ್ಸು ಸಾಕು. ಅದರ ಮೇಲೆ ಪ್ರಾಂತೀಯ ಬೋಧಕ, ತುದಿಯಲ್ಲಿ ಸರ್ಕಾರಿ ಪರೀಕ್ಷೆ ಮುಗಿಸಿದ ಬೋಧಕ. ತಳದಲ್ಲಿ ಬಾಗಿಲು ಅಗಲ, ಮೇಲೆ ಹೋದಂತೆ ಕಿರಿದು. ವೇತನವೂ ಅದೇ ಆಕಾರದಲ್ಲಿದೆ. ದೇಶದಲ್ಲಿ ಶಾಸನಬದ್ಧವಾದ ಒಂದೇ ಕನಿಷ್ಠ ವೇತನವಿಲ್ಲ. ಅಭ್ಯರ್ಥಿಗಳಿಗೆ ಅನೇಕ ಶಾಲೆಗಳು ಗಂಟೆಯ ಲೆಕ್ಕ ಬಿಟ್ಟು ತಿಂಗಳ ಸಂಬಳ ಕೊಡುತ್ತವೆ, ಮತ್ತು ಕೋಣೆ, ಕೆಲವೊಮ್ಮೆ ಊಟ ಕೂಡ, ಒಪ್ಪಂದದಲ್ಲಿಯೇ ಸೇರಿರುತ್ತದೆ. ಗಂಟೆಗೆ ಭಾಗಿಸಿ ನೋಡಿದರೆ ಸಂಬಳ ನಿರಾಶೆ ಹುಟ್ಟಿಸಬಹುದು. ಆದರೆ ಜನವರಿಯಲ್ಲಿ ಪಾಠವಿಲ್ಲದ ದಿನವೂ ಆ ಸಂಬಳ ಬರುತ್ತದೆ, ಹಾಸಿಗೆಯೂ ಇರುತ್ತದೆ.

ಇಲ್ಲಿ ಸಣ್ಣದೊಂದು ವಿಷಯಾಂತರಕ್ಕೆ ಕ್ಷಮೆಯಿರಲಿ. ಗುಂಪು ಪಾಠವೆಂಬ ವ್ಯಾಪಾರದ ಮಾದರಿಯೇ ಆಸ್ಟ್ರಿಯಾದ ಅರ್ಲ್‌ಬರ್ಗ್ ಪ್ರದೇಶದ ಕೊಡುಗೆ. ಸಂಕ್ಟ್ ಆಂಟನ್‌ನಲ್ಲಿ ಹಾನೆಸ್ ಶ್ನೈಡರ್ ಅವರು ವಿದ್ಯಾರ್ಥಿಗಳನ್ನು ಸಾಮರ್ಥ್ಯಕ್ಕೆ ತಕ್ಕಂತೆ ತರಗತಿಗಳಾಗಿ ವಿಂಗಡಿಸಿ, ಒಂದು ಹಂತದಿಂದ ಇನ್ನೊಂದಕ್ಕೆ ಏರಿಸುವ ಕ್ರಮವನ್ನು ನೆಲೆಗೊಳಿಸಿದರು; 1939ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ಗೆ ತೆರಳಿ ಅಲ್ಲಿಯೂ ಅದನ್ನೇ ಬೆಳೆಸಿದರು. ಹತ್ತು ಜನರ ಶುಲ್ಕ, ಒಬ್ಬರ ಸಂಬಳ: ಇಂದಿಗೂ ಎಲ್ಲ ಶಾಲೆಗಳ ಲಾಭ ನಿಂತಿರುವುದು ಈ ಲೆಕ್ಕದ ಮೇಲೆ.

ಸ್ವಿಟ್ಜರ್ಲೆಂಡಿನಲ್ಲಿ ಗಂಟೆಯ ದರ ಯುರೋಪಿನಲ್ಲೇ ಆಕರ್ಷಕವಾಗಿ ಕಾಣುತ್ತದೆ. ಆದರೆ ಅಲ್ಲಿ ರಾಷ್ಟ್ರಮಟ್ಟದ ಕನಿಷ್ಠ ವೇತನವಿಲ್ಲ. ಜಿನೀವಾ, ನೊಶಾಟೆಲ್, ಜುರಾ, ಟಿಚಿನೊ ಮುಂತಾದ ಕೆಲವೇ ಕ್ಯಾಂಟನ್‌ಗಳು (ಪ್ರಾಂತ್ಯಗಳು) ತಮ್ಮದೇ ಮಿತಿಯನ್ನು ಹಾಕಿಕೊಂಡಿವೆ, ಮತ್ತು ಸ್ಕೀ ಬೋಧಕರು ದುಡಿಯುವ ವಾಲೈ, ಗ್ರೌಬ್ಯುಂಡೆನ್, ಬರ್ನ್ ಆ ಪಟ್ಟಿಯಲ್ಲಿಲ್ಲ. ಮೂರು ತಿಂಗಳಿಗಿಂತ ಹೆಚ್ಚು ನೆಲೆಸುವವರು ಆರೋಗ್ಯ ವಿಮೆಯನ್ನು ಸ್ವಂತ ಹಣದಿಂದ ಕೊಳ್ಳಲೇಬೇಕು. ಜೆರ್ಮಾಟ್, ವೆರ್ಬಿಯೆಯಂಥ ಊರುಗಳಲ್ಲಿ ಋತುವಿಗೆ ಕೋಣೆ ಹುಡುಕುವುದು ಕೆಲಸ ಹುಡುಕುವುದಕ್ಕಿಂತ ಕಷ್ಟ. ಅನೇಕರು ಕೆಳಗಿನ ಕಣಿವೆಯಲ್ಲಿ ವಾಸವಿದ್ದು ಪ್ರತಿದಿನ ರೈಲು ಹತ್ತಿ ಬರುತ್ತಾರೆ.

ಎರಡು ಚಳಿಗಾಲ:

ದಕ್ಷಿಣ ಗೋಳಾರ್ಧವನ್ನು ಸೇರಿಸದೆ ಈ ಲೆಕ್ಕ ಮುಗಿಯುವುದಿಲ್ಲ. ಒಂದು ಚಳಿಗಾಲದ ದುಡಿಮೆ ವರ್ಷವನ್ನು ಸಾಗಿಸುವುದಿಲ್ಲವಾದ್ದರಿಂದ ನಮ್ಮಲ್ಲಿ ಹಲವರು ಜೂನ್‌ನಿಂದ ಅಕ್ಟೋಬರ್‌ವರೆಗೆ ನ್ಯೂಜಿಲೆಂಡ್ ಅಥವಾ ಆಸ್ಟ್ರೇಲಿಯಾದಲ್ಲಿ ಕಲಿಸಿ, ಡಿಸೆಂಬರ್‌ಗೆ ಉತ್ತರಕ್ಕೆ ಬರುತ್ತಾರೆ. ನಾನು ಏಳು ವರ್ಷ ಬೇಸಿಗೆಯನ್ನೇ ಕಂಡಿರಲಿಲ್ಲ.

ನ್ಯೂಜಿಲೆಂಡಿನ ಕನಿಷ್ಠ ವೇತನ 2025ರ ಏಪ್ರಿಲ್‌ನಲ್ಲಿ ಗಂಟೆಗೆ 23.50 ನ್ಯೂಜಿಲೆಂಡ್ ಡಾಲರ್ ಆಯಿತು. ಹೊಸ ಬೋಧಕರು ಅದರ ಸ್ವಲ್ಪವೇ ಮೇಲೆ ಆರಂಭಿಸುತ್ತಾರೆ. ಕಡಿಮೆ ಅವಧಿಯ ಒಪ್ಪಂದಗಳಲ್ಲಿ ರಜೆಯ ಬಾಬತ್ತು ಶೇಕಡಾ 8ರಷ್ಟು ಸೇರುತ್ತದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಕನಿಷ್ಠ ವೇತನ 2025ರ ಜುಲೈನಲ್ಲಿ 24.95 ಆಸ್ಟ್ರೇಲಿಯನ್ ಡಾಲರ್ ಆಯಿತು. ಅದಕ್ಕಿಂತ ಮುಖ್ಯವಾಗಿ, ಹಿಮದ ರೆಸಾರ್ಟ್‌ಗಳ ನೌಕರರಿಗೇ ಮೀಸಲಾದ ಒಂದು ವೇತನ ಆದೇಶ ಅಲ್ಲಿದೆ, ಅದರಲ್ಲಿ ಬೋಧಕರ ದರ್ಜೆಗೆ ತಕ್ಕಂತೆ ಕನಿಷ್ಠ ದರಗಳು ನಮೂದಾಗಿವೆ. ಮಾಲೀಕರೊಂದಿಗೆ ವಾದಿಸುವ ಬದಲು ಆ ಪಟ್ಟಿಯನ್ನು ತೋರಿಸಿದರೆ ಸಾಕಾಗುತ್ತದೆ. ಇದರ ಮೇಲೆ ಮಾಲೀಕರು ಶೇಕಡಾ 12ರಷ್ಟು ನಿವೃತ್ತಿ ನಿಧಿ ಕಟ್ಟುತ್ತಾರೆ. ಆದರೆ ವರ್ಕಿಂಗ್ ಹಾಲಿಡೇ ವೀಸಾದಲ್ಲಿ (ರಜೆಯ ಜತೆಗೆ ದುಡಿಯಲು ಬಿಡುವ ವೀಸಾ) ಹೋದವರು ಖುಷಿಪಡುವ ಮೊದಲು ಎರಡು ವಿಷಯಗಳನ್ನು ತಿಳಿದಿರಬೇಕು. ಅವರ ವೇತನಕ್ಕೆ ಮೊದಲ ಡಾಲರಿನಿಂದಲೇ ಶೇಕಡಾ 15ರಷ್ಟು ತೆರಿಗೆಯಿದೆ. ದೇಶ ಬಿಡುವಾಗ ಆ ನಿವೃತ್ತಿ ನಿಧಿಯನ್ನು ಹಿಂಪಡೆದರೆ ಅದರಲ್ಲಿ ಶೇಕಡಾ 65ರಷ್ಟು ತೆರಿಗೆಗೆ ಹೋಗುತ್ತದೆ.

ಇನ್ನು ಜಪಾನ್. ಹೊಕ್ಕೈಡೊದ ಕನಿಷ್ಠ ವೇತನ 2024ರ ಅಕ್ಟೋಬರ್‌ನಲ್ಲಿ ಗಂಟೆಗೆ 1,010 ಯೆನ್ ಆಯಿತು, ಹಕುಬಾ ಎಂಬ ಸ್ಕೀ ತಾಣವಿರುವ ನಾಗಾನೊದಲ್ಲಿ 998. ಒಂದು ಡಾಲರ್‌ಗೆ 150 ಯೆನ್ ಎಂದು ಹಿಡಿದರೆ 1,010 ಯೆನ್ ಏಳು ಡಾಲರ್ ಕೂಡ ಆಗುವುದಿಲ್ಲ. ಹೊಕ್ಕೈಡೊದ ನಿಸೆಕೊದಲ್ಲಿರುವ ವಿದೇಶಿ ಗಿರಾಕಿಗಳ ಶಾಲೆಗಳು ಇದಕ್ಕಿಂತ ಸಾಕಷ್ಟು ಹೆಚ್ಚು ಕೊಡುತ್ತವೆ, ಇಂಗ್ಲಿಷ್ ಮತ್ತು ಚೀನೀ ಭಾಷೆ ಎರಡೂ ಬಲ್ಲವರಿಗೆ ಇನ್ನೂ ಹೆಚ್ಚು. ಹೆಚ್ಚಿನ ಶಾಲೆಗಳು ಅಗ್ಗದ ವಸತಿಯನ್ನೂ ಒದಗಿಸುತ್ತವೆ. ತೊಂದರೆಯಿರುವುದು ನಾಣ್ಯದಲ್ಲಿ. 2012ರಲ್ಲಿ ಒಂದು ಡಾಲರ್‌ಗೆ ಸುಮಾರು 80 ಯೆನ್ ಇತ್ತು. 2024ರಲ್ಲಿ ಅದು 160ನ್ನು ದಾಟಿತ್ತು. ಹಿಂದೆ ಅಲ್ಲಿ ದುಡಿದು ಮನೆಗೆ ಕಳಿಸುತ್ತಿದ್ದವರ ಉಳಿತಾಯ, ಅಷ್ಟೇ ಯೆನ್ ಸಂಪಾದಿಸಿದರೂ, ಅರ್ಧಕ್ಕೆ ಇಳಿಯಿತು. ಅದೇ ಕಾರಣಕ್ಕೆ ಜಪಾನಿನಲ್ಲಿಯೇ ಖರ್ಚು ಮಾಡುವವರಿಗೆ ಬದುಕು ಸುಲಭ. ವರ್ಷಕ್ಕಿಂತ ಕಡಿಮೆ ಕಾಲ ಇರುವ ಅನಿವಾಸಿಗಳ ವೇತನದಿಂದ ಶೇಕಡಾ 20.42ರಷ್ಟು ತೆರಿಗೆ ಮೂಲದಲ್ಲಿಯೇ ಕಡಿತವಾಗುತ್ತದೆ ಎಂಬುದನ್ನು ನಿಮ್ಮ ಪಟ್ಟಿಯಲ್ಲಿ ಬರೆದುಕೊಳ್ಳಿ.

ಚಳಿಗಾಲವೇ ಬೇಡ ಎನ್ನುವವರಿಗೆ ಒಳಾಂಗಣದ ದಾರಿಯೂ ಇದೆ. ದುಬೈಯ ಸ್ಕೀ ಕೇಂದ್ರ 2005ರಿಂದ ವರ್ಷವಿಡೀ ನಡೆಯುತ್ತಿದೆ, ವೇತನಕ್ಕೆ ಆದಾಯ ತೆರಿಗೆಯಿಲ್ಲ. ಬೆಟ್ಟವೂ ಇಲ್ಲ.

ಹಳೆಯ ಮಂಡಿ:

ಎಲ್ಲರೂ ವರಮಾನದ ಬಗ್ಗೆ ಬರೆದಿದ್ದೀರಿ, ವರಮಾನ ನಿಂತುಹೋಗುವ ದಿನದ ಬಗ್ಗೆ ಯಾರೂ ಬರೆಯಲಿಲ್ಲ. ಒಂಬತ್ತನೆಯ ಚಳಿಗಾಲದಲ್ಲಿ, ನನ್ನ ತಪ್ಪಿಲ್ಲದೆ, ಹಿಂದಿನಿಂದ ಬಂದವರೊಬ್ಬರು ಡಿಕ್ಕಿ ಹೊಡೆದು ನನ್ನ ಮಂಡಿಯ ಅಸ್ಥಿರಜ್ಜು ಹರಿಯಿತು. ಆಗ ನಾನು ನೌಕರನಾಗಿದ್ದೆ. ಶಸ್ತ್ರಚಿಕಿತ್ಸೆಯ ವೆಚ್ಚವೂ ವೇತನದ ಒಂದು ಭಾಗವೂ ಕಾರ್ಮಿಕರ ಪರಿಹಾರ ವಿಮೆಯಿಂದ ಬಂದವು. ಅದೇ ಅಪಘಾತ ಎರಡು ವರ್ಷ ಮೊದಲು, ಸ್ವತಂತ್ರವಾಗಿ ಕಲಿಸುತ್ತಿದ್ದಾಗ ಆಗಿದ್ದರೆ, ವರಮಾನ ನಷ್ಟದ ವಿಮೆ ಮಾಡಿಸದ ನನಗೆ ಒಂಬತ್ತು ತಿಂಗಳು ಯಾವ ದಾರಿಯೂ ಇರುತ್ತಿರಲಿಲ್ಲ. ಸ್ವತಂತ್ರ ಬೋಧಕರ ದೊಡ್ಡ ಪಾಲನ್ನು ನೌಕರರ ಗಂಟೆಯ ದರದ ಪಕ್ಕದಲ್ಲಿಟ್ಟು ತೂಗುವಾಗ ಈ ವಿಮೆಯ ಕಂತನ್ನು ಕಳೆದು ತೂಗಬೇಕು. ಬೂಟಿನ ಖರ್ಚನ್ನೂ ಕಳೆಯಿರಿ. ವೃತ್ತಿಪರರ ರಿಯಾಯಿತಿಯಲ್ಲಿ ಕೊಂಡರೂ, ದಿನವಿಡೀ ತೊಡುವವರಿಗೆ ಒಳಪದರ ಎರಡು ಋತುಗಳಲ್ಲಿ ಸವೆದುಹೋಗುತ್ತದೆ.

ಇಳಿಜಾರು:

ಎಲ್ಲರಿಗೂ ಧನ್ಯವಾದಗಳು. ಒಂದು ವಾರ ಕುಳಿತು ಪಟ್ಟಿಯನ್ನು ಹೊಸದಾಗಿ ಬರೆದೆ. ಈ ಸಲ ಕಾಲಮುಗಳು ಬೇರೆ: ಖಾತರಿಯಿರುವ ಗಂಟೆಗಳು, ಪಾಠವಿಲ್ಲದ ದಿನದ ವೇತನ, ಹಾಸಿಗೆಯ ಬಾಡಿಗೆ, ತೆರಿಗೆ, ವಿಮೆ, ವೀಸಾ ವೆಚ್ಚ. ಗಂಟೆಯ ದರ ಕೊನೆಯ ಕಾಲಮಿಗೆ ಹೋಯಿತು.

ಕೊಲರಾಡೊವನ್ನು ಕೈಬಿಟ್ಟೆ. ವೀಸಾದ ಅನಿಶ್ಚಿತತೆ ಒಂದು ಕಾರಣ, ಮೊದಲ ವರ್ಷ ಟಿಪ್ಸ್ ಕೊಡುವ ಗಿರಾಕಿಗಳು ಸಿಗಲಾರರು ಎಂಬುದು ಇನ್ನೊಂದು. ಉಳಿದ ಮೂರು ಕಡೆಯ ಶಾಲೆಗಳಿಗೆ ಒಂದೇ ಪ್ರಶ್ನೆಯನ್ನು ಬರೆದು ಕಳಿಸಿದೆ: ಕಳೆದ ಜನವರಿಯಲ್ಲಿ ನಿಮ್ಮ ಮೊದಲ ವರ್ಷದ ಬೋಧಕರಿಗೆ ವಾರಕ್ಕೆ ಸರಾಸರಿ ಎಷ್ಟು ಗಂಟೆಯ ವೇತನ ಸಿಕ್ಕಿತು? ಹೊಕ್ಕೈಡೊದ ಶಾಲೆ ಮರುದಿನವೇ ಉತ್ತರಿಸಿ 27 ಎಂದಿತು, ಚೀನೀ ಚಾಂದ್ರಮಾನ ಹೊಸ ವರ್ಷದ ವಾರದಲ್ಲಿ ಅದು 40ನ್ನು ದಾಟುತ್ತದೆ ಎಂದೂ ಸೇರಿಸಿತು. ಟಿರೋಲ್‌ನ ಶಾಲೆ ತಿಂಗಳ ಸಂಬಳದ ಕರಾರಿನ ಪ್ರತಿಯನ್ನೇ ಕಳಿಸಿತು, ಕೋಣೆಯ ಫೋಟೋ ಸಹಿತ. ನಾನು ಕಳೆದ ವರ್ಷ ದುಡಿದ ಶಾಲೆಯಿಂದ ಬಂದ ಉತ್ತರ, ಅದು ಹಿಮವನ್ನು ಅವಲಂಬಿಸಿದೆ ಎಂಬುದು.

ಬಾಡಿಗೆ, ತೆರಿಗೆ, ವಿಮೆ ಕಳೆದ ಮೇಲೆ ಟಿರೋಲ್ ಮತ್ತು ಹೊಕ್ಕೈಡೊ ನಡುವಿನ ವ್ಯತ್ಯಾಸ ಇಡೀ ಋತುವಿಗೆ ಒಂದು ಜೊತೆ ಬೂಟಿನ ಬೆಲೆಯಷ್ಟೂ ಇಲ್ಲ. ಟಿರೋಲ್‌ನ ಶಾಲೆಯಲ್ಲಿ ಪ್ರಾಂತೀಯ ಬೋಧಕರ ಕೋರ್ಸಿನ ಅರ್ಧ ಶುಲ್ಕವನ್ನು ಶಾಲೆಯೇ ಭರಿಸುತ್ತದೆಯಂತೆ, ಎರಡನೆಯ ಚಳಿಗಾಲಕ್ಕೂ ಬರುವುದಾಗಿ ಒಪ್ಪಿದರೆ.

ಲೆಕ್ಕದ ಪುಸ್ತಕ:

ಆ ಕರಾರನ್ನು ಬರಹದಲ್ಲಿ ಪಡೆಯಿರಿ. ಎರಡನೆಯ ಚಳಿಗಾಲಕ್ಕೆ ನೀವು ಬರಲಾಗದಿದ್ದರೆ ಕೋರ್ಸಿನ ಹಣವನ್ನು ಪೂರ್ತಿ ಹಿಂತಿರುಗಿಸಬೇಕೇ, ಭಾಗಶಃ ಸಾಕೇ, ಗಾಯವಾಗಿ ಬರಲಾಗದಿದ್ದರೆ ಏನು, ಈ ಮೂರನ್ನೂ ಸಹಿ ಹಾಕುವ ಮೊದಲು ಕೇಳಿ. ಮತ್ತು ಕೋಣೆಯಲ್ಲಿ ಬೂಟು ಒಣಗಿಸುವ ವ್ಯವಸ್ಥೆ ಇದೆಯೇ ಎಂಬುದನ್ನೂ ಕೇಳಿ, ಫೋಟೋದಲ್ಲಿ ಅದು ಕಾಣಿಸುವುದಿಲ್ಲ.